ಹಸಿರು ಚುಕ್ಕೆಯ ಮೇಲೆ ಸಣ್ಣಬೀರಪ್ಪನ ದಂಡಯಾತ್ರೆ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ದಾರಿಯಲ್ಲಿ ಸತ್ಯವಂತರೇ ಹುಟ್ಟಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಒಬ್ಬ ಹುಟ್ಟಿದ್ದ. ಹೆಸರು ಸಣ್ಣಬೀರಪ್ಪ, ಉದ್ಯೋಗ ಸರ್ಕಾರಿ ಬಸ್ಸಿನ ಕಂಡಕ್ಟರಿಕೆ.

ಆ ದಾರಿಯಲ್ಲಿ ಖಾಸಗಿ ಬಸ್ಸಿನ ಕ್ಲೀನರುಗಳು ಬಾಗಿಲಿಗೆ ಜನ ಬಾವಲಿಗಳಂತೆ ಜೋತುಬಿದ್ದಿದ್ದರೂ ‘ಸೀಟ್ ಐತೆ, ಸೀಟ್ ಐತೆ’ ಎಂದು ಕೂಗುತ್ತಿದ್ದರು. ನಂಬಿ ಹತ್ತಿದವರನ್ನು ಎಂಜಿನ್ನಿನ ಬಿಸಿ ಡಬ್ಬದ ಮೇಲೆ ಕೂರಿಸಿ, ‘ಇದೂ ಸೀಟೇ ಅಲ್ಲೇನ್ರೀ’ ಎಂದು ಕೇಳುತ್ತಿದ್ದರು. ಅಂಥ ಕಲಿಗಾಲದಲ್ಲಿ ಸಣ್ಣಬೀರಪ್ಪ ಮೊದಲು ಬಸ್ಸಿನ ಹಿಂದಿನ ಸಾಲಿನವರೆಗೂ ನಡೆದುಹೋಗಿ ನೋಡಿಬರುತ್ತಿದ್ದ. ಆಮೇಲೆ ಬಾಗಿಲಲ್ಲಿ ನಿಂತು, ‘ಸೀಟಿಲ್ಲ. ನಿಂತು ಬರೋರು ಬರ್ರಿ. ಕಾಲುನೋವು ಇರೋರು ಹಿಂದಿನ ಗಾಡೀಗೆ ಬರ್ರಿ’ ಎಂದು ಸಾರುತ್ತಿದ್ದ. ಡ್ರೈವರು ಹಣೆ ಚಚ್ಚಿಕೊಳ್ಳುತ್ತಿದ್ದ. ಆದರೆ ಸಣ್ಣಬೀರಪ್ಪ ‘ಐತೆ’ ಎಂದ ದಿನ ಮುದುಕಿಯರು ಒಳಗೆ ಇಣುಕಿಯೂ ನೋಡದೆ ಮೆಟ್ಟಿಲಿಗೆ ಕಾಲಿಡುತ್ತಿದ್ದರು. ಸತ್ಯಕ್ಕೆ ಈ ಕಾಲದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಏನು ಸಿಗುತ್ತದೆ?

ನಿವೃತ್ತನಾದ ಮೇಲೆ ಇಂಥ ಮನುಷ್ಯ ಸುಮ್ಮನೆ ಕಟ್ಟೆಯ ಮೇಲೆ ಕೂತು ಪೇಪರ್ ಓದಬಹುದಿತ್ತು. ಕೂರಲಿಲ್ಲ. ಒಂದು ಎಲೆಕ್ಟ್ರಿಕ್ ಕಾರು ಕೊಂಡು ಬಾಡಿಗೆಗೆ ಓಡಿಸತೊಡಗಿದ. ಹೆಂಡತಿ ಹಾಲಮ್ಮ ಮೊದಲ ದಿನವೇ ಎಚ್ಚರಿಸಿದ್ದಳು. ‘ದಿನಾ ಫೋನ್ ಚಾರ್ಜಿಗೆ ಹಾಕೋದೇ ಮರೀತೀರಿ. ಕಾರು ಹಾಕೋದು ನೆನಪಿರ್ತೈತಾ?’

ನೆನಪೇನೋ ಇತ್ತು, ಜಾಗ ಇರಲಿಲ್ಲ. ಅವರದು ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಮಹಡಿ ಮೇಲಿನ ಬಾಡಿಗೆ ಮನೆ. ಕೆಳಗೆ ಮನೆ ಮಾಲೀಕ ಬಕ್ಕೇಶಪ್ಪ. ಮೇಲಿನ ಕಿಟಕಿಯಿಂದ ಕಾರಿನವರೆಗೆ ವೈರು ಇಳಿಬಿಟ್ಟ ಮೊದಲ ದಿನವೇ ಬಕ್ಕೇಶಪ್ಪ ಹೊರಗೆ ಬಂದು, ‘ಏನೋ ಬೀರಪ್ಪ, ನಮ್ಮನೆ ಗ್ವಾಡೆ ಮ್ಯಾಲೆ ಹಾವು ಬಿಟ್ಟೀಯಲ್ಲೋ’ ಎಂದ. ಹಾವು ವಾಪಸು ಬುಟ್ಟಿ ಸೇರಿತು. ಅಂದಿನಿಂದ ಸಣ್ಣಬೀರಪ್ಪನ ಕಾರು ಊರ ಮಂದಿಯ ಚಾರ್ಜಿಂಗ್ ಸ್ಟೇಷನ್‌ಗಳನ್ನೇ ನಂಬಿ ಬದುಕಬೇಕಾಯಿತು.

ಆ ಸ್ಟೇಷನ್‌ಗಳು ಎಲ್ಲಿವೆ, ಖಾಲಿ ಇವೆಯೋ ಇಲ್ಲವೋ ಎಂದು ಹೇಳಲಿಕ್ಕೆ ಫೋನಿನಲ್ಲಿ ಒಂದು ಆ್ಯಪ್ ಇತ್ತು. ನಕ್ಷೆಯ ಮೇಲೆ ಹಸಿರು ಚುಕ್ಕೆ ಇದ್ದರೆ ಖಾಲಿ ಇದೆ, ಕೆಂಪು ಚುಕ್ಕೆ ಇದ್ದರೆ ಬೇರೆ ಗಾಡಿ ನಿಂತಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಈ ಕ್ಷಣದ ಮಾಹಿತಿ’ ಎಂದು ಬೇರೆ ಬರೆದಿತ್ತು. ಸಣ್ಣಬೀರಪ್ಪನಿಗೆ ಅದನ್ನು ಕಂಡು ಕಣ್ಣು ತುಂಬಿಬಂದಿತ್ತು. ತಾನು ಬಸ್ಸಿನ ಬಾಗಿಲಲ್ಲಿ ಗಂಟಲು ಹರಿದುಕೊಂಡು ಮಾಡುತ್ತಿದ್ದ ಕೆಲಸವನ್ನು ಈ ಪುಟ್ಟ ಚುಕ್ಕೆ ಬಾಯಿಯೇ ಇಲ್ಲದೆ ಮಾಡುತ್ತಿದೆಯಲ್ಲ ಎಂದು ಅದನ್ನು ತನ್ನ ವಂಶದ ಕುಡಿ ಎಂದೇ ತಿಳಿದ.

ಕುಡಿ ಬಹಳ ಬೇಗ ತನ್ನ ಬುದ್ಧಿ ತೋರಿಸಿತು. ಒಂದು ಹಸಿರು ಚುಕ್ಕೆಯನ್ನು ಹುಡುಕಿಕೊಂಡು ಹೋದರೆ ಅಲ್ಲಿ ಹೋಟೆಲಿನ ಮಾಲೀಕನ ಡೀಸೆಲ್ ಜೀಪು, ಬಾನೆಟ್ಟಿನ ಮೇಲೆ ಒಗೆದ ಮೇಜುಬಟ್ಟೆ ಒಣಗಿಸಿಕೊಂಡು, ಚಾರ್ಜರಿಗೆ ಮೂತಿ ತಾಗಿಸಿ ಮಲಗಿತ್ತು. ಇನ್ನೊಂದು ಹಸಿರು ಚುಕ್ಕೆಗೆ ಗೇಟು ಹಾಕಿ ಬೀಗ ಜಡಿದಿತ್ತು. ಬೀಗದ ಕೈ ವಾಚ್‌ಮನ್ನನ ಉಡಿದಾರದಲ್ಲಿತ್ತು, ವಾಚ್‌ಮನ್ ಕುಕ್ಕುವಾಡದಲ್ಲಿ ತನ್ನ ಅತ್ತೆ ಮನೆಯಲ್ಲಿದ್ದ. ಮೂರನೆಯದರ ಮುಂದೆ ಪಾನಿಪೂರಿ ಗಾಡಿಯವನು ಒಲೆ ಹೊತ್ತಿಸಿಕೊಂಡು, ‘ಚಾರ್ಜಿಂಗಾ? ಕೂಡ್ರಿ, ಒಂದು ಪ್ಲೇಟ್ ತಿನ್ರಿ, ನೀವೂ ಚಾರ್ಜ್ ಆಗ್ತೀರಿ’ ಎಂದ. ಎಲ್ಲ ಕಡೆಯೂ ಚುಕ್ಕೆ ಮಾತ್ರ ಗಿಣಿಯ ಹಾಗೆ ಹಸಿರಾಗಿತ್ತು.

ಇಷ್ಟನ್ನೂ ಆತ ಹಲ್ಲುಕಚ್ಚಿ ಸಹಿಸಿದ. ಯಾಕೆಂದರೆ ಅಲ್ಲಿಯವರೆಗೆ ಸುಳ್ಳು ಹೇಳಿದ್ದು ಚುಕ್ಕೆ. ಆಮೇಲೆ ಆ ಸುಳ್ಳು ಅವನ ಬಾಯಿಯಿಂದ ಹೊರಟಿತು.

ಸಿದ್ದೀಕಾ ಮದುವೆಯ ಬಟ್ಟೆ ಹೊಲಿಯುವವಳು. ಅವಳು ಜರಿ ಕೆಲಸ ಮಾಡಿದ ದುಪಟ್ಟಾ ತಲೆಯ ಮೇಲೆ ಬಿದ್ದ ಮೇಲೇ ಹುಡುಗಿ ಮದುಮಗಳಾಗುವುದು ಎಂದು ದಾವಣಗೆರೆಯಿಂದ ರಾಣೆಬೆನ್ನೂರಿನವರೆಗೂ ಮಾತಿತ್ತು. ಜರಿ ಮುದುಡಬಾರದೆಂದು ಬಸ್ಸಿನ ನೂಕುನುಗ್ಗಲಿಗೆ ಹೆದರಿ ಅವಳು ಸಣ್ಣಬೀರಪ್ಪನ ಕಾರನ್ನೇ ಗೊತ್ತುಮಾಡಿಕೊಂಡಿದ್ದಳು. ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ರಾಣೆಬೆನ್ನೂರಿನ ಒಂದು ನಿಕಾಹ್‌ಗೆ ಬಟ್ಟೆ ತಲುಪಿಸಬೇಕಿತ್ತು.

‘ಅಣ್ಣಾ, ಚಾರ್ಜ್ ಐತಾ?’ ಎಂದು ಕಾರು ಹತ್ತುವ ಮುಂಚೆ ಕೇಳಿದಳು.

ಸಣ್ಣಬೀರಪ್ಪ ಫೋನು ನೋಡಿದ. ಹರಿಹರದ ಹೊರಗೆ, ಮುಚ್ಚಿಹೋದ ಡಾಬಾ ಒಂದರ ಅಂಗಳದಲ್ಲಿದ್ದ ಎರಡು ಚಾರ್ಜರುಗಳೂ ಹಸಿರಾಗಿದ್ದವು. ‘ಹರಿಹರದ ತನಕ ಐತೆ. ಅಲ್ಲಿ ಎರಡೂ ಖಾಲಿ ಅದಾವೆ. ನೀನು ಚಾ ಕುಡಿಯೋದ್ರೊಳಗೆ ಚಾರ್ಜ್ ಆಗ್ತೈತೆ. ಬಾ ತಾಯಿ’ ಎಂದ.

ಆ ‘ಬಾ ತಾಯಿ’ ಎಂಬುದನ್ನು ಆತ ಆಮೇಲೆ ಎಷ್ಟು ಸಲ ನೆನೆದು ನೊಂದನೋ ಲೆಕ್ಕವಿಲ್ಲ.

ಹರಿಹರದ ಆ ಅಂಗಳದಲ್ಲಿ ಕಾರು ಒಂದೂ ಇರಲಿಲ್ಲ. ಮೆಕ್ಕೆಜೋಳ ಇತ್ತು. ಚಾರ್ಜರುಗಳ ಬುಡದಿಂದ ರಸ್ತೆಯ ಅಂಚಿನವರೆಗೆ, ಆ ನುಣುಪಾದ ಸಿಮೆಂಟ್ ನೆಲದ ತುಂಬ, ಬಿಸಿಲಿಗೆ ಬಂಗಾರದ ಸಮುದ್ರದ ಹಾಗೆ ಜೋಳ ಹರವಿತ್ತು. ದಡದಲ್ಲಿ ಕೊಡೆ ಬಿಡಿಸಿಕೊಂಡು, ಆಡು ಬಂದರೆ ಹೊಡೆಯಲಿಕ್ಕೆ ಒಂದು ಕೋಲು ಹಿಡಿದು, ಕೆಂಚಣ್ಣ ಎಂಬ ರೈತ ಕೂತಿದ್ದ.

‘ಇದೇನ್ರೀ ಇದು, ಕಾರು ನಿಲ್ಸೋ ಜಾಗದಾಗ?’ ಸಣ್ಣಬೀರಪ್ಪ ಇಳಿದು ಕೇಳಿದ.

‘ಜೋಳ’ ಎಂದ ಕೆಂಚಣ್ಣ.

‘ಅದು ಕಾಣ್ತೈತೆ. ಇಲ್ಲಿ ಯಾಕ ಹಾಕೀರಿ?’

‘ಖಾಲಿ ಇತ್ತು, ಹಾಕೀನಿ.’

‘ಖಾಲಿ ಇರೋದು ನಮಗೆ ಕಣ್ರೀ. ನೋಡ್ರಿ, ಫೋನಿನಾಗ ಖಾಲಿ ಅಂತ ಬರ್ತೈತೆ.’

ಕೆಂಚಣ್ಣ ಕೊಡೆಯನ್ನು ಹಿಂದೆ ಸರಿಸಿ, ಫೋನನ್ನು ಕೈಗೆ ತೆಗೆದುಕೊಂಡು ಚುಕ್ಕೆಯನ್ನು ಭಕ್ತಿಯಿಂದ ನೋಡಿದ. ‘ಹೌದಲ್ಲ. ಅದೂ ಖಾಲಿ ಅಂತೈತಿ, ನಾನೂ ಖಾಲಿ ಅಂತೀನಿ. ಜಗಳ ಎಲ್ಲೈತಿ ಮತ್ತೆ?’

ರಾತ್ರಿ ಬಿದ್ದ ಮಳೆಗೆ ಜೋಳ ನೆನೆದಿದೆ, ಗುಡ್ಡೆ ಹಾಕಿದರೆ ಬೂಷ್ಟು ಹಿಡಿಯುತ್ತದೆ, ಹೊತ್ತು ಇಳಿದ ಮೇಲೆ ಎತ್ತಿಕೊಡುತ್ತೇನೆ, ಅಲ್ಲಿಯವರೆಗೆ ಕೂಡ್ರಿ ಎಂದು ಕೆಂಚಣ್ಣ ಬಹಳ ಮರ್ಯಾದೆಯಿಂದಲೇ ಹೇಳಿದ. ಬೇರೆ ಯಾರಾದರೂ ಆಗಿದ್ದರೆ ಕಾರನ್ನು ಜೋಳದ ಮೇಲೇ ಹತ್ತಿಸುತ್ತಿದ್ದರೋ ಏನೋ. ಸಣ್ಣಬೀರಪ್ಪನ ಕೈಲಾಗಲಿಲ್ಲ. ಕಾಳಿನ ಮೇಲೆ ಮೆಟ್ಟು ಕಾಲು ಇಟ್ಟರೆ ಬೆನ್ನಿಗೆ ಬೀಳುತ್ತಿದ್ದ ಏಟಿನಲ್ಲಿ ಬೆಳೆದವನು ಆತ. ಇನ್ನು ಕಾರಿನ ಟೈರೆಂದರೆ ನಾಲ್ಕು ಮೆಟ್ಟು. ಕಾರನ್ನು ದಡದಲ್ಲೇ ನಿಲ್ಲಿಸಿ, ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಕಾಳನ್ನು ಕಾಲಿನಿಂದ ಮೆಲ್ಲಗೆ ಸರಿಸುತ್ತ ಹೊಳೆ ದಾಟುವವನಂತೆ ನಡೆದುಹೋಗಿ, ವೈರಿನ ತುದಿಯಲ್ಲಿದ್ದ, ಕಾರಿಗೆ ಚುಚ್ಚುವ ಚಾರ್ಜರಿನ ಗನ್ನನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಬಂದ. ಕಾರು ಇನ್ನೂ ಒಂದು ಮಾರು ದೂರ ಇರುವಾಗ ವೈರು ಬಿಗಿಯಾಗಿ ನಿಂತಿತು. ಆತ ಎಳೆದ. ಅದು ಅವನನ್ನೇ ಹಿಂದಕ್ಕೆ ಎಳೆಯಿತು. ಆ ನಡುಸಮುದ್ರದಲ್ಲಿ ಬರಿಗಾಲಲ್ಲಿ, ಕೈಯಲ್ಲಿ ಗನ್ನು ಹಿಡಿದು, ಹೊಡೆಯಲಿಕ್ಕೆ ಒಬ್ಬ ಶತ್ರುವೂ ಕಾಣದೆ ನಿಂತ ವೀರನನ್ನು ನೋಡಿ ಕೆಂಚಣ್ಣ, ‘ನಿಮ್ಮ ಹಗ್ಗ ಗಿಡ್ಡ ಆತು’ ಎಂದು ಕನಿಕರಿಸಿದ.

ಸಿದ್ದೀಕಾ ಕಾಯಲಿಲ್ಲ. ಬಟ್ಟೆಯ ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು ರಸ್ತೆಗೆ ಹೋಗಿ ಕೈ ಅಡ್ಡ ಹಿಡಿದಳು. ‘ಸೀಟ್ ಐತೆ’ ಎಂದು ಕೂಗುತ್ತ ಬಂದ ಬಸ್ಸು ಅವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡು ಹೋಯಿತು.

ರಾಣೆಬೆನ್ನೂರಿನಿಂದ ಅವಳು ಫೋನು ಮಾಡಿದಾಗ ಆತ ಅಲ್ಲೇ, ಕೆಂಚಣ್ಣನ ಕೊಡೆಯ ಅರ್ಧ ನೆರಳಿನಲ್ಲಿ ಕೂತಿದ್ದ. ನಿಕಾಹ್ ಮುಗಿದಿತ್ತು. ಮದುಮಗಳು ಯಾರದೋ ದುಪಟ್ಟಾ ಹೊದ್ದು ಕೂತಿದ್ದಳು. ಜರಿಯ ಎರಡು ಸಾಲು ಬಸ್ಸಿನಲ್ಲಿ ಯಾರದೋ ಬ್ಯಾಗಿನ ಜಿಪ್ಪಿಗೆ ಸಿಕ್ಕಿ ಕಿತ್ತುಬಂದಿತ್ತು.

‘ಆ ಹಾಳಾದ ಆ್ಯಪ್ ಸಿದ್ದೀಕಾ, ಅದು ಹಸಿರು ತೋರ್ಸಿತ್ತು, ನಾನೇನು...’ ಎಂದು ಸಣ್ಣಬೀರಪ್ಪ ಶುರುಮಾಡಿದ.

‘ಆ್ಯಪ್ ಏನಂತು ಅಂತ ನಂಗೇನು ಗೊತ್ತು ಅಣ್ಣಾ’ ಎಂದಳು ಸಿದ್ದೀಕಾ. ಬೈಗುಳವಿಲ್ಲ, ಅಳುವಿಲ್ಲ. ‘ಐತೆ ಅಂದೋರು ನೀವು.’

ಆ ಮಾತು ಅವನ ಎದೆಗೆ ನಾಟಿತು. ಒಂದು ಆಯುಷ್ಯಪೂರ್ತಿ ಬಾಗಿಲಲ್ಲಿ ನಿಂತು ಗಳಿಸಿದ್ದನ್ನು ಒಂದು ಚುಕ್ಕೆ ನೆಕ್ಕಿಕೊಂಡು ಹೋಗಿತ್ತು. ಇನ್ನು ಸಿದ್ದೀಕಾ ಅವನ ‘ಐತೆ’ಯನ್ನು ಮತ್ತೊಮ್ಮೆ ನಂಬುವವರೆಗೆ ಸಣ್ಣಬೀರಪ್ಪನಿಗೆ ಅನ್ನ ಒಳಗಿಳಿಯುವಂತಿರಲಿಲ್ಲ. ಇಳಿಯಿತು, ಹಾಲಮ್ಮ ಬಿಡುವವಳಲ್ಲ. ಆದರೆ ರುಚಿ ಇರಲಿಲ್ಲ.

ಮರುದಿನ ಬೆಳಿಗ್ಗೆಯೇ ಆ್ಯಪಿನ ಸಹಾಯವಾಣಿಯ ಮೇಲೆ ದಾಳಿ ನಡೆಯಿತು. ಆ ಕಡೆಯಿಂದ ಸಕ್ಕರೆಯಂಥ ದನಿ ಬಂತು. ‘ನಮಸ್ಕಾರ ಸರ್, ನಾನು ರಶ್ಮಿತಾ. ನಿಮಗೆ ಹೇಗೆ ಸಹಾಯ ಮಾಡ್ಲಿ?’

‘ಹರಿಹರದಾಗ ನಿಮ್ಮ ಚುಕ್ಕೆ ಸುಳ್ಳು ಹೇಳ್ತೈತಮ್ಮ.’

‘ಮಷೀನ್ ಕೆಟ್ಟಿದೆಯಾ ಸರ್?’

‘ಮಷೀನು ಗುಂಡುಕಲ್ಲಿನಂಗೆ ಐತೆ. ಅದರ ಮುಂದೆ ಮೆಕ್ಕೆಜೋಳ ಐತೆ.’

ಸ್ವಲ್ಪ ಹೊತ್ತು ಟಕಟಕ ಕೀಲಿ ಒತ್ತುವ ಸದ್ದು. ‘ಸರ್, ಗನ್ನಿಗೆ ಬೇರೆ ವೆಹಿಕಲ್ ಕನೆಕ್ಟ್ ಆಗಿದೆಯಾ?’

‘ವೆಹಿಕಲ್ ಅಲ್ಲಮ್ಮ. ಜೋಳ. ಕೋಳಿ ತಿಂತಾವಲ್ಲ, ಅದು.’

‘ವೆಹಿಕಲ್ ಕನೆಕ್ಟ್ ಆಗಿಲ್ಲ ಅಂದ್ರೆ ಅವೈಲಬಲ್ ಅಂತಾನೇ ತೋರಿಸುತ್ತೆ ಸರ್. ನಮ್ಮ ಸಿಸ್ಟಮ್‌ನಲ್ಲಿ ಕರೆಕ್ಟಾಗೇ ಇದೆ.’

‘ನೋಡು ತಾಯಿ, ನಿಮ್ಮನೆಗೆ ಬೀಗ ಹಾಕೈತೆ. ಒಳಗೆ ಕುರ್ಚಿ ಖಾಲಿ ಐತೆ. ನಾನು ರಸ್ತೇಲಿ ನಿಂತೀನಿ. ಈಗ ಹೇಳು, ನಂಗೆ ಕೂರಾಕೆ ಜಾಗ ಐತೋ ಇಲ್ಲೋ?’

ಉತ್ತರವಾಗಿ ಒಂದು ಕೊಳಲಿನ ಸಂಗೀತ ಕೇಳಿಬಂತು. ಅದು ಮುಗಿದ ಮೇಲೆ ರಶ್ಮಿತಾ ದೂರಿನ ಬಗೆಗಳನ್ನು ಓದಿಹೇಳಿದಳು. ಗನ್ನು ಕೆಟ್ಟಿರುವುದು ಇತ್ತು, ಕರೆಂಟು ಇಲ್ಲದಿರುವುದು ಇತ್ತು, ಸಿಬ್ಬಂದಿಯ ಒರಟು ನಡವಳಿಕೆ ಕೂಡ ಇತ್ತು. ಧಾನ್ಯ ಇರಲಿಲ್ಲ. ಕೊನೆಗೆ ‘ಇತರೆ’ ಎಂದು ಬರೆದುಕೊಂಡು ಒಂದು ಫೋಟೋ ಕಳಿಸಲು ಹೇಳಿದಳು. ಸಣ್ಣಬೀರಪ್ಪ ಹರಿಹರದಲ್ಲಿ ತೆಗೆದ ಜೋಳದ ಫೋಟೋ ಕಳಿಸಿದ. ಸಂಜೆ ಸಂದೇಶ ಬಂತು. ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮಗೆ ಎಷ್ಟು ನಕ್ಷತ್ರ ಕೊಡುವಿರಿ?’

ಆತ ಆಸೆಯಿಂದ ಆ್ಯಪ್ ತೆರೆದ. ಹರಿಹರದ ಚುಕ್ಕೆ ಹಾಗೇ ಹಸಿರಾಗಿತ್ತು. ಅದರ ಕೆಳಗೆ ‘ಗ್ರಾಹಕರು ಕಳಿಸಿದ ಚಿತ್ರ’ ಎಂಬ ಹೊಸ ಸಾಲು ಬಂದಿತ್ತು. ಚಿತ್ರದಲ್ಲಿ ಕೆಂಚಣ್ಣನ ಜೋಳ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಆಗಲೇ ಇಬ್ಬರು ಮೆಚ್ಚಿಕೊಂಡಿದ್ದರು.

ಅಂದು ಆತ ಮನೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಅದರ ಸಾರಾಂಶ ಇಷ್ಟು: ಬೆಂಗಳೂರಿನಲ್ಲಿ ಕೂತು ಹರಿಹರದ ಅಂಗಳ ಖಾಲಿ ಇದೆ ಎನ್ನುವವನಿಗೂ, ಹಳೆಯ ಬಸ್ ಕ್ಲೀನರಿಗೂ ಇರುವ ವ್ಯತ್ಯಾಸ ಒಂದೇ, ಕ್ಲೀನರು ಕಣ್ಣೆದುರಿಗಾದರೂ ಸಿಗುತ್ತಿದ್ದ, ಕೊರಳಪಟ್ಟಿ ಹಿಡಿಯಬಹುದಿತ್ತು. ಚುಕ್ಕೆಗೆ ಕೊರಳೇ ಇಲ್ಲ.

ಹಲವು ದಿನ ಸಿದ್ದೀಕಾ ಬಸ್ಸಿನಲ್ಲೇ ಓಡಾಡಿದಳು. ಆಮೇಲೆ ಮತ್ತೊಂದು ರಾಣೆಬೆನ್ನೂರಿನ ಮದುವೆ ಬಂತು, ಈ ಸಲ ಮೂರು ಜೊತೆ ಬಟ್ಟೆ. ಅವಳೇ ಫೋನು ಮಾಡಿದಳು. ‘ಅಣ್ಣಾ, ಈ ಸಲ ಜರಿ ಹಾಳಾದ್ರೆ ನನ್ನ ಹೆಸರೂ ಹೋಗ್ತೈತೆ. ಫೋನು ನೋಡಿ ಹೇಳೋದು ಬ್ಯಾಡ. ಕಣ್ಣಾರೆ ಕಂಡು ಐತೆ ಅನ್ರಿ, ಬರ್ತೀನಿ. ಇಲ್ಲಾಂದ್ರೆ ಬಸ್ಸಿಗೆ ಹೋಗ್ತೀನಿ.’

ಸಣ್ಣಬೀರಪ್ಪನ ರಕ್ತ ಕುದಿಯಿತು, ಸಂತೋಷದಿಂದ. ಕಣ್ಣಾರೆ ಕಂಡು ಕೂಗುವುದೇ ಅವನ ಕುಲಕಸುಬು. ಕಾರಿನಲ್ಲಿ ಚಾರ್ಜು ಹರಿಹರದವರೆಗೆ ಮಾತ್ರ ಸಾಲುವಷ್ಟಿತ್ತು. ಕಾರಿನಲ್ಲೇ ಹೋಗಿ ನೋಡಿ, ಅಲ್ಲಿ ಜೋಳ ಇದ್ದರೆ, ವಾಪಸು ಬರುವಂತಿರಲಿಲ್ಲ. ಆದ್ದರಿಂದ ಮದುವೆಯ ದಿನ ಬೆಳಿಗ್ಗೆ ಹಾಲಮ್ಮ ಏಳುವ ಮುಂಚೆಯೇ ಮೊದಲ ಬಸ್ಸು ಹತ್ತಿ ಹರಿಹರಕ್ಕೆ ಹೋದ. ಡಾಬಾದ ಅಂಗಳಕ್ಕೆ ಹೋಗಿ, ಎರಡೂ ಚಾರ್ಜರುಗಳ ಸುತ್ತ ಪ್ರದಕ್ಷಿಣೆ ಹಾಕಿ, ಗನ್ನು ಎತ್ತಿ ಇಳಿಸಿ ನೋಡಿದ. ಅಲ್ಲಿ ಕಾಳೂ ಇರಲಿಲ್ಲ, ಕಾರೂ ಇರಲಿಲ್ಲ.

‘ಸಿದ್ದೀಕಾ, ಖಾಲಿ ಐತೆ. ಕಣ್ಣಾರೆ ಕಂಡು ಹೇಳ್ತಿದೀನಿ. ಇಲ್ಲೇ ನಿಂತೀನಿ’ ಎಂದು ಫೋನಿನಲ್ಲಿ ಘೋಷಿಸಿದ. ಅವನ ದನಿಯಲ್ಲಿ ಹಳೆಯ ಫುಟ್‌ಬೋರ್ಡು ನಡುಗುತ್ತಿತ್ತು.

‘ಸರಿ ಅಣ್ಣಾ. ಹೊರಟೆ’ ಎಂದಳು ಸಿದ್ದೀಕಾ. ಆಮೇಲೆ ನೆನಪಾಗಿ, ‘ಕಾರು ಎಲ್ಲೈತೆ?’

‘ಮನೆ ಮುಂದೆ ಐತಲ್ಲ, ಬಿ ಬ್ಲಾಕಿನಾಗ.’

‘ಓಡಿಸೋರು?’

ಸಣ್ಣಬೀರಪ್ಪ ಹಣೆ ಚಚ್ಚಿಕೊಂಡ. ಸೀಟು ನೋಡಲಿಕ್ಕೆ ಹೋಗಿ ಬಸ್ಸನ್ನೇ ಬಿಟ್ಟುಬಂದ ಕಂಡಕ್ಟರು ಈ ರಾಜ್ಯದ ಚರಿತ್ರೆಯಲ್ಲಿ ಅವನೊಬ್ಬನೇ ಇರಬೇಕು. ವಾಪಸು ಹೋಗಿ ಕಾರು ತರೋಣವೆಂದರೆ, ಅಷ್ಟರಲ್ಲಿ ಇಲ್ಲಿ ಏನಾಗುತ್ತದೋ ಯಾರು ಬಲ್ಲರು? ಅವನು ಬೆನ್ನು ತಿರುಗಿಸಿದ ಕ್ಷಣವೇ ಅವನ ಸತ್ಯ ಆ್ಯಪಿನ ಸತ್ಯವಾಗಿಬಿಡುತ್ತಿತ್ತು.

ಆ ಯೋಚನೆ ಮುಗಿಯುವ ಮೊದಲೇ ಟ್ರ್ಯಾಕ್ಟರಿನ ಸದ್ದಾಯಿತು. ಟ್ರೇಲರಿನ ತುಂಬ ಚೀಲ, ಚೀಲಗಳ ಮೇಲೆ ಕೊಡೆ, ಕೊಡೆಯ ಪಕ್ಕ ಕೆಂಚಣ್ಣ.

‘ಏನ್ ಬೀರಪ್ಪಾರೇ, ಇಷ್ಟು ಬೆಳಿಗ್ಗೆ. ಕಾರೆಲ್ಲಿ?’

‘ದಾವಣಗೆರೆಯಾಗ ಐತೆ.’

‘ಜೋಳ ಇಲ್ಲೈತಿ’ ಎಂದು ಕೆಂಚಣ್ಣ ಮೊದಲ ಚೀಲದ ಬಾಯಿಗೆ ಕೈ ಹಾಕಿದ.

ಸಣ್ಣಬೀರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಚಾರ್ಜರಿನ ಮುಂದೆ ನೆಲಕ್ಕೆ ಹಾಸಿದ. ಕಂಡಕ್ಟರಾಗಿದ್ದಾಗ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರೊಂದಿಗೆ ಅವನು ಮಾಡಿದ ಜಗಳ ಅಷ್ಟಿಷ್ಟಲ್ಲ. ಬಟ್ಟೆಗೆ ಟಿಕೆಟ್ ತಗೊಂಡೀಯೇನು ಎಂದು ಕೇಳಿ ಎಷ್ಟೋ ಟವೆಲ್‌ಗಳನ್ನು ರಸ್ತೆಗೆ ಎಸೆದಿದ್ದ. ಇಂದು ಬೇರೆ ಆಯುಧವಿರಲಿಲ್ಲ. ನಾಚಿಕೆಯನ್ನು ನುಂಗಿ ನಿಂತ.

ಕೆಂಚಣ್ಣನ ಕೈ ಚೀಲದ ಮೇಲೇ ನಿಂತಿತು. ಅವನು ಸಿಮೆಂಟಿಗೆ ಹೆದರುವವನಲ್ಲ, ಬೋರ್ಡಿಗೆ ಹೆದರುವವನಲ್ಲ, ಕರೆಂಟಿಗೂ ಹೆದರುವವನಲ್ಲ. ಆದರೆ ಒಬ್ಬರು ಹಾಸಿದ ಟವೆಲ್ ಮೇಲೆ ಇನ್ನೊಬ್ಬರು ಕೂರುವುದು ಆ ಸೀಮೆಯಲ್ಲಿ ಎಂದೂ ನಡೆದಿಲ್ಲ. ‘ಹಂಗಂತ ಮೊದ್ಲೇ ಹೇಳೋದಲ್ವಾ’ ಎಂದು ಗೊಣಗಿ, ‘ಒಂದು ನಿಮಗೆ. ಇನ್ನೊಂದರ ಮುಂದೆ ಹರವ್ತೀನಿ. ಟವೆಲ್ ಒಂದೇ ಐತಲ್ಲ ನಿಮ್ಮತ್ರ’ ಎಂದ.

ಸಂಧಾನವಾಯಿತು. ಅಷ್ಟರಲ್ಲಿ ಸಿದ್ದೀಕಾಳ ಫೋನು ಮತ್ತೆ ಬಂತು. ‘ಅಣ್ಣಾ, ನನ್ನ ಮಗಳು ಆಮ್ನಾ ಡ್ರೈವಿಂಗ್ ಕಲ್ತಿದಾಳೆ. ಲೈಸೆನ್ಸೂ ಐತೆ. ಓಡಿಸ್ಕೊಂಡು ಬರ್ತಾಳೆ. ಕೀ ಎಲ್ಲಿಟ್ಟೀರಿ?’

ಆ ಸ್ಟೇರಿಂಗನ್ನು ಸಣ್ಣಬೀರಪ್ಪ ಇಂದಿನವರೆಗೆ ತನ್ನ ಅಳಿಯನಿಗೂ ಮುಟ್ಟಲು ಕೊಟ್ಟಿರಲಿಲ್ಲ. ಕಾಲೇಜಿಗೆ ಹೋಗುವ ಹುಡುಗಿ, ಅದೂ ಬೈಪಾಸಿನ ಲಾರಿಗಳ ನಡುವೆ. ಬೇಡ ಎಂದರೆ ಕಾರು ಉಳಿಯುತ್ತದೆ, ಮಾತು ಹೋಗುತ್ತದೆ. ಆತ ಟವೆಲನ್ನು ನೋಡಿದ, ಕೆಂಚಣ್ಣನನ್ನು ನೋಡಿದ, ಆಕಾಶ ನೋಡಿದ.

‘ಹಾಲಮ್ಮನ ಹತ್ರ ಐತೆ’ ಎಂದ. ‘ಬ್ರೇಕು ಒಮ್ಮೆಲೆ ಒತ್ಬ್ಯಾಡ ಅಂತ ಹೇಳು.’

ಬಿಸಿಲು ಏರಿತು. ಆ ನಡುವೆ ಬೇರೆ ಊರಿನ ಒಂದು ಎಲೆಕ್ಟ್ರಿಕ್ ಕಾರು ಬಂದು, ಒಳಗಿದ್ದವರು ಕಿಟಕಿ ಇಳಿಸಿ, ‘ಆ್ಯಪಲ್ಲಿ ಖಾಲಿ ಅಂತಿದೆಯಲ್ಲ?’ ಎಂದು ಕೇಳಿದರು. ಸಣ್ಣಬೀರಪ್ಪ ಅವರಿಗೆ ಆ್ಯಪಿನ ಹುಟ್ಟು, ಗುಣ, ನಡತೆಗಳನ್ನು ವಿವರವಾಗಿ ತಿಳಿಸಿ, ಟವೆಲ್ ತೋರಿಸಿ, ಕೈಮುಗಿದು ಕಳಿಸಿಕೊಟ್ಟ. ಅವರು ಮುಂದೆ ಏನು ಮಾಡಿದರೋ ಪಾಪ. ಅವರಿಗೂ ಆ ಚುಕ್ಕೆ ಹಸಿರಾಗೇ ಕಂಡಿತ್ತು.

ಕೊನೆಗೆ ಅವನ ಕಾರು ರಸ್ತೆಯಿಂದ ತಿರುಗಿತು. ಆಮ್ನಾ ಅದನ್ನು ಹಿಂದುಹಿಂದಕ್ಕೆ ತಂದು, ಜೋಳದ ಒಂದು ಕಾಳಿಗೂ ಟೈರು ತಾಗಿಸದೆ, ಟವೆಲ್ ಹಾಸಿದ್ದಲ್ಲಿ ನಿಲ್ಲಿಸಿದಳು. ಸಣ್ಣಬೀರಪ್ಪ ತಪ್ಪು ಹುಡುಕುತ್ತ ಕಾರಿನ ಸುತ್ತ ಬಂದ. ಗೀರು ಒಂದೂ ಸಿಗಲಿಲ್ಲ. ‘ಇಂಡಿಕೇಟರ್ ತಡವಾಗಿ ಹಾಕ್ದೆ’ ಎಂದಷ್ಟೇ ಹೇಳಿ ಗನ್ನು ಚುಚ್ಚಿದ. ಫೋನಿನಲ್ಲಿ ಹರಿಹರದ ಒಂದು ಚುಕ್ಕೆ ಕೆಂಪಾಯಿತು. ಇನ್ನೊಂದು, ಜೋಳದ ರಾಶಿಯ ಹಿಂದಿನದು, ಹಸಿರಾಗಿಯೇ ಇತ್ತು.

ಸಿದ್ದೀಕಾ ಬಟ್ಟೆಯ ಪೆಟ್ಟಿಗೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತೇ ಚಹಾ ಕುಡಿದಳು. ಖಾಲಿ ಇದೆ ಎಂದದ್ದು ಖಾಲಿಯೇ ಇತ್ತಲ್ಲ ಎಂದು ಅವಳ ಬಾಯಿಂದ ಕೇಳಲಿಕ್ಕೆ ಸಣ್ಣಬೀರಪ್ಪ ಎರಡು ಸಲ ಕೆಮ್ಮಿದ. ಅವಳು ಲೋಟ ಕೆಳಗಿಟ್ಟು ಪೆಟ್ಟಿಗೆಯ ಮುಚ್ಚಳ ಸರಿಮಾಡಿದಳು. ಚಾರ್ಜು ಸಾಕಾದ ಮೇಲೆ ಆತ ಗನ್ನು ತೆಗೆದಿಟ್ಟು, ಡ್ರೈವರ್ ಬಾಗಿಲಿಗೆ ಕೈ ಹಾಕಿದ. ಆಮ್ನಾ ಇಳಿಯಲು ಹೊರಟಳು.

‘ಇರು ಆಮ್ನಾ’ ಎಂದಳು ಸಿದ್ದೀಕಾ. ‘ಅಣ್ಣಾ, ನೀವೆಲ್ಲಿ ಬರ್ತೀರಿ?’

‘ಎಲ್ಲಿ ಅಂದ್ರೆ? ಕಾರು ನಂದು.’

‘ಹೌದು ರೀ. ಆದ್ರೆ ವಾಪಸ್ ಬರೋವಾಗ ಮತ್ತೆ ಚಾರ್ಜ್ ಬೇಕು. ನೀವೂ ಬಂದ್ಬಿಟ್ರೆ ಇಲ್ಲಿ ಐತೋ ಇಲ್ಲೋ ಅಂತ ಯಾರನ್ನ ಕೇಳಲಿ? ಕಾರು ಓಡಿಸೋರು ಬೇಕಾದಷ್ಟು ಮಂದಿ ಅದಾರೆ. ಇದ್ದದ್ದು ಇದ್ದಂಗೆ ಹೇಳೋರು ಎಲ್ಲಿ ಸಿಗ್ತಾರೆ? ನೀವು ಇಲ್ಲೇ ನಿಂತಿರ್ರಿ. ಇನ್ಮೇಲೆ ಹಿಂಗೇ ಮಾಡೋಣ.’

ಸಣ್ಣಬೀರಪ್ಪ ಬಾಗಿಲನ್ನು ಹಿಡಿದುಕೊಂಡೇ ನಿಂತ. ಇಷ್ಟು ದಿನ ಬೇಡಿದ ವರ ಸಿಕ್ಕಿತ್ತು, ಕಾರು ಕೈಬಿಟ್ಟಿತ್ತು. ಆ ಕ್ಷಣ ಅವನಿಗೆ ಬಂದ ಸಿಟ್ಟು ಆ್ಯಪಿನ ಮೇಲಿತ್ತೋ, ಕೆಂಚಣ್ಣನ ಮೇಲಿತ್ತೋ, ತನ್ನ ಸತ್ಯದ ಮೇಲೇ ಇತ್ತೋ ಅವನಿಗೇ ತಿಳಿಯಲಿಲ್ಲ. ಬಾಗಿಲು ಬಿಟ್ಟು ಹಿಂದೆ ಸರಿದ. ಹಿಂದಿನಿಂದ ಕೆಂಚಣ್ಣ, ‘ಬರ್ರಿ, ಬಿಸಿಲಾಗ ನಿಂತ್ಕೋಬ್ಯಾಡ್ರಿ’ ಎಂದು ಕೊಡೆ ಅಲ್ಲಾಡಿಸಿದ.

ಕಾರು ಸದ್ದಿಲ್ಲದೆ ರಸ್ತೆಗೆ ಇಳಿಯಿತು. ಸಣ್ಣಬೀರಪ್ಪ ಜೋಳದ ದಡದಲ್ಲಿ ನಿಂತು ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. ‘ಆಮ್ನಾ, ಎದುರಿಗೆ ಹಂಪ್ ಐತೆ.’

ರಸ್ತೆಯ ಮೇಲೆ ಹಂಪಿನ ಗುರುತಿನ ಬಿಳಿ ಗೆರೆಗಳು ಯಾವಾಗಲೋ ಅಳಿಸಿಹೋಗಿದ್ದವು. ಮುಂದೆ ಹೋಗುತ್ತಿದ್ದ ಬೈಕಿನವನು ಅದನ್ನು ಕಾಣದೆ ಸೀಟಿನಿಂದ ಎಗರಿ ಹಾಗೇ ಹೋದ. ಅದಕ್ಕೂ ಮೊದಲೇ, ಅವನ ‘ಐತೆ’ ಕೇಳಿದ್ದೇ ತಡ, ಕಾರಿನ ಹಿಂದಿನ ಕೆಂಪು ಬ್ರೇಕ್ ದೀಪಗಳು ಹೊತ್ತಿಕೊಂಡಿದ್ದವು.